ಖಾಲಿ ಜಾಗದ ಪಂಚನಾಮೆ

ಅವರು ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಅದೂ ಅವರ ನಿವೃತ್ತಿಯ ದಿನ, ಮಾಗಡಿಯಲ್ಲಿ, ಹತ್ತು ಜನ ಸೇರಿ ಹಾರ ಹಾಕಿ, ಪೇಟ ತೊಡಿಸಿ, ಶಾಲು ಹೊದಿಸಿ ಬಲವಂತವಾಗಿ ಕೂರಿಸಿದ ಮೇಲೆ. ಆವತ್ತೂ ಅವರ ಬಲಗಾಲು ಮಾತ್ರ ಕೂರಲಿಲ್ಲ. ಮೇಜಿನ ಕೆಳಗೆ ಅದು ಕುಣಿಯುತ್ತಿದ್ದ ರಭಸಕ್ಕೆ ಮೇಲಿಟ್ಟಿದ್ದ ನೀರಿನ ಬಾಟಲಿ ನಡುಗುತ್ತಿತ್ತು. ನಾನು ಭಾಷಣಗಳನ್ನು ಬಿಟ್ಟು ಆ ಬಾಟಲಿಯನ್ನೇ ನೋಡುತ್ತಿದ್ದೆ. ನನಗೂ ನೆಮ್ಮದಿಯಿರಲಿಲ್ಲ. ಅವರೇ ಹಿಂದೊಮ್ಮೆ ಕೊಟ್ಟಿದ್ದ ಒಂದು ಚೀಟಿ ನನ್ನ ಪರ್ಸಿನಲ್ಲಿತ್ತು. ಅದನ್ನು ಆವತ್ತು ಎಲ್ಲರೆದುರು ಓದಬೇಕು ಅಂತ ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ನನ್ ಬಗ್ಗೆ ಬರಿಯಕ್ಕೆ ಟೈಮ್ ಐತೆ, ಮಕ್ಕಳ ಬಗ್ಗೆ ಬರಿಯಕ್ಕಿಲ್ವಾ?" ಅಂತ ಜಗಳಕ್ಕೇ ಬರುತ್ತಾರೆ. ನಮ್ಮ ಕಡೆಯ ಹದಿನಾಲ್ಕು ಸರ್ಕಾರಿ ಶಾಲೆಗಳಿಗೆ ಅವರು ಸಿಆರ್‌ಪಿ ಆಗಿದ್ದರು. ಅಂದರೆ ಶಾಲೆಯಿಂದ ಶಾಲೆಗೆ ಸುತ್ತಿ ಪಾಠ ನೋಡುವುದು, ನಮ್ಮಂಥ ಪ್ರೈಮರಿ ಟೀಚರುಗಳನ್ನು ತಿಂಗಳಿಗೊಮ್ಮೆ ಕುದೂರಿನಲ್ಲಿ ಸೇರಿಸಿ ಸಭೆ ನಡೆಸುವುದು, ವರ್ಷಕ್ಕೆ ಒಂದೆರಡು ಸಲ ಮಾಗಡಿಯಲ್ಲಿ ತರಬೇತಿ ಕೊಡುವುದು ಅವರ ಕೆಲಸ. ಅವರೂ ಮೊದಲು ಮೇಷ್ಟ್ರೇ. ಒಂದು ಹಳೇ ಮೊಪೆಡ್ಡು, ಕೈಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ, ಯಾವಾಗಲೂ ಒಂದು ಗುಂಡಿ ತಪ್ಪಿ ಹಾಕಿಕೊಂಡ ಅಂಗಿ. ಟೀ ಕೊಟ್ಟರೆ ನಿಂತೇ ಕುಡಿಯುವರು, ಅದೂ ಅರ್ಧ. ಉಳಿದರ್ಧ ಲೋಟದಲ್ಲಿ ಆರುತ್ತಿರುವಾಗ ಅವರು ಮುಂದಿನ ಊರಿನ ದಾರಿಯಲ್ಲಿರುವರು.

ಬೆನ್ನ ಹಿಂದೆ ನಾವು ಅವರಿಗೆ ಇಟ್ಟಿದ್ದ ಹೆಸರು ಪಂಚನಾಮೆ ಸಾರ್. ಅದಕ್ಕೆ ಕಾರಣ ಅವರ ಚೀಟಿ.

ಅವರಿಗಿಂತ ಮೊದಲು ಇದ್ದವರು ಒಳ್ಳೆಯ ಮನುಷ್ಯರು. ಬಂದರೆ ಹೆಡ್‌ಮಾಸ್ಟರ ಪಕ್ಕ ಕೂತು, ದಾಖಲೆ ಪುಸ್ತಕಗಳ ಧೂಳು ಹೊಡೆದು, 'ಬೋಧನೆ ತೃಪ್ತಿಕರ' ಅಂತ ಬರೆದು, ಮಕ್ಕಳ ಜೊತೆ ಬಿಸಿಯೂಟ ಮಾಡಿ ಹೊರಡುತ್ತಿದ್ದರು. ಇವರು ಹಾಗಲ್ಲ. ತರಗತಿಗೆ ಬಂದವರೇ ಕಪ್ಪುಹಲಗೆಯ ಪಕ್ಕದ ಗೋಡೆಗೆ ಒರಗಿ, ಪಾಠ ಮಾಡುವವರ ಕಡೆ ನೋಡದೆ, ಮಕ್ಕಳ ಕಡೆಗೆ ಮುಖ ಮಾಡಿ ನಿಂತುಬಿಡುವರು. ಯಾವುದೋ ಒಂದು ಮಗುವನ್ನು ಆರಿಸಿಕೊಳ್ಳುವರು. ಯಾವುದು ಅಂತ ನಮಗೂ ಗೊತ್ತಾಗುವುದಿಲ್ಲ, ಆ ಮಗುವಿಗೂ ಗೊತ್ತಾಗುವುದಿಲ್ಲ. ಐದೈದು ನಿಮಿಷಕ್ಕೊಮ್ಮೆ ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿ, ಆ ಹೊತ್ತಿಗೆ ಆ ಮಗು ಏನು ಮಾಡುತ್ತಿದೆಯೋ ಅಷ್ಟನ್ನು ಹಳೇ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಳ್ಳುವರು. ಪಾಠ ಮುಗಿದ ಮೇಲೆ ಚೀಟಿ ನಮ್ಮ ಕೈಗಿಟ್ಟು ಹೊರಟರೆ ಮುಗಿಯಿತು. ಸಲಹೆ ಇಲ್ಲ, ಬೈಗುಳ ಇಲ್ಲ, ಶಭಾಷ್ ಅಂತೂ ಇಲ್ಲವೇ ಇಲ್ಲ.

ಪಕ್ಕದೂರಿನ ಮೇಷ್ಟ್ರೊಬ್ಬರು ನೀರಿನ ಚಕ್ರದ ಪಾಠ ಬಲು ಜೋರಾಗಿ ಮಾಡುತ್ತಿದ್ದರು. ಚಾರ್ಟು, ಬಣ್ಣ, ಅಭಿನಯ ಎಲ್ಲ ಸೇರಿ. ಅವರಿಗೆ ಸಿಕ್ಕ ಚೀಟಿ ಹೀಗಿತ್ತು: '೧೦.೨೦ ರಬ್ಬರ್ ಕಚ್ಚಿದ. ೧೦.೨೫ ಕಿಟಕಿ ನೋಡಿದ. ೧೦.೩೦ ಎಲ್ಲರ ಜೊತೆ "ಹೌದು ಸಾ" ಅಂದ. ೧೦.೩೫ ಕಿಟಕಿ. ೧೦.೪೦ "ಅರ್ಥ ಆಯ್ತಾ?" ಅಂದದ್ದಕ್ಕೆ ಎಲ್ಲರಿಗಿಂತ ಜೋರಾಗಿ "ಆಯ್ತು ಸಾ" ಅಂದ. ೧೦.೪೫ ರಬ್ಬರ್ ಮುಗಿಯಿತು.'

ಮೇಷ್ಟ್ರಿಗೆ ಉರಿದುಹೋಯಿತು. ಮೊಪೆಡ್ಡಿನ ಹಿಂದೆ ಓಡಿಹೋಗಿ ಕೇಳಿದರಂತೆ: "ಸಾರ್, ನನ್ ಪಾಠ ಹೆಂಗಿತ್ತು ಅಂತ ಒಂದ್ ಮಾತೂ ಬರ್ದಿಲ್ವಲ್ಲ?"

"ಅದ್ನೇ ಬರ್ದಿರೋದು ಕಣಪ್ಪ. ಓದ್ಕೊ," ಅಂದು ಗಾಡಿ ಎಬ್ಬಿಸಿದರಂತೆ.

ಇಂಥವರ ತರಬೇತಿ ಹೇಗಿರಬೇಡ! ನಮ್ಮ ತರಬೇತಿಗಳ ಮರ್ಯಾದೆ ನಾನೇ ತೆಗೆಯಬಾರದು, ಆದರೂ ಹೇಳುತ್ತೇನೆ. ಬೆಳಿಗ್ಗೆ ಉಪ್ಪಿಟ್ಟು, ಕೇಸರಿಬಾತು. ಆಮೇಲೆ ಚಪ್ಪಾಳೆ ಹೊಡೆದು ಪರಿಚಯ ಮಾಡಿಕೊಳ್ಳುವ ಆಟ. ಆಮೇಲೆ ಗುಂಪು ಮಾಡಿ ಡ್ರಾಯಿಂಗ್ ಶೀಟು, ಅದರ ಜೊತೆಗೆ ಬರೆಯದ ಸ್ಕೆಚ್ ಪೆನ್ನು. ಕೊನೆಗೆ ಹಿಮ್ಮಾಹಿತಿ ನಮೂನೆ, ಅಂದರೆ ತರಬೇತಿ ಹೇಗಿತ್ತು ಅಂತ ನಾವು ತುಂಬಿಕೊಡುವ ಹಾಳೆ. ಸಂಜೆ ಅದನ್ನು ತುಂಬುತ್ತ ಕೂತರೆ ನಾಲ್ಕೂವರೆ ಬಸ್ಸು ತಪ್ಪುತ್ತದೆ. ಹಾಗಾಗಿ ನಾವು ಅದನ್ನು ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲೇ ತುಂಬಿ, ತರಬೇತಿಯ ಎರಡೂ ದಿನದ ಹಾಜರಿ ಸಹಿಯನ್ನೂ ಒಟ್ಟಿಗೆ ಹಾಕಿ, ನಿರಾಳವಾಗಿ ಒಳಗೆ ಹೋಗುವುದು ರೂಢಿ.

ಅವರ ಮೊದಲನೇ ತರಬೇತಿಯ ದಿನ ಆ ಹಾಳೆಗಳ ಕಟ್ಟು ಅವರ ಕೈಗೆ ಸಿಕ್ಕಿಬಿಟ್ಟಿತು. ಮೇಲಿನ ಹಾಳೆ ತೆಗೆದು ಗಟ್ಟಿಯಾಗಿ ಓದಿದರು: "ತರಬೇತಿಯು ಬಹಳ ಉಪಯುಕ್ತವಾಗಿತ್ತು. ಸಂಪನ್ಮೂಲ ವ್ಯಕ್ತಿಗಳು ಮನಮುಟ್ಟುವಂತೆ ವಿವರಿಸಿದರು." ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. "ನಾನಿನ್ನೂ ಬಾಯೇ ಬುಟ್ಟಿಲ್ಲ. ಆಗ್ಲೇ ಮನ ಮುಟ್ಬುಟ್ಟೈತೆ. ಹಂಗಾದ್ರೆ ಮುಗೀತಲ್ಲ, ಹೊರಡಿ." ಅಷ್ಟು ಹೇಳಿ ಅವರೇ ಹೊರಗೆ ಹೋದರು. ನಲವತ್ತು ಜನ ಟೀಚರುಗಳು ಹೋಗುವ ಧೈರ್ಯವಿಲ್ಲದೆ, ಇರುವ ಮುಖವಿಲ್ಲದೆ ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು. ವಾಪಸ್ಸು ಬಂದವರು ಒಂದೇ ಪ್ರಶ್ನೆ ಕೇಳಿದರು: "ಈ ಹಾಳೇಲಿ ಮಗು ಎಲ್ಲೈತೆ?"

ಆ ಪ್ರಶ್ನೆ ಅವರಿಗೆ ಚಟ. ಯಾರು ಏನೇ ಹೇಳಲಿ, ಎಷ್ಟೇ ಚೆಂದದ ಚಾರ್ಟು ತೋರಿಸಲಿ, "ಸರಿ, ಇದ್ರಲ್ಲಿ ಮಗು ಎಲ್ಲೈತೆ?" ಅನ್ನುವರು. ಕೇಳಿ ಕೇಳಿ ನಮಗೆ ರೇಗುತ್ತಿತ್ತು. ಟೀ ಹೊತ್ತಿನಲ್ಲಿ ನಾವೂ ಒಬ್ಬರಿಗೊಬ್ಬರು ಬಜ್ಜಿ ತೋರಿಸಿ, "ಇದ್ರಲ್ಲಿ ಮಗು ಎಲ್ಲೈತೆ?" ಅಂತ ನಗುತ್ತಿದ್ದೆವು.

ಅವರು ದೇವರಂಥ ಮನುಷ್ಯ ಅಂತೇನೂ ನಾನು ಹೇಳುವುದಿಲ್ಲ. ಒಂದು ಸಲ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕುದೂರು ಸಂತೆಯಿಂದ ಬರುತ್ತಿದ್ದವರು, "ಒಂದ್ನಿಮಿಷ" ಅಂತ ನಮ್ಮ ಶಾಲೆ ಹತ್ತಿರ ಗಾಡಿ ನಿಲ್ಲಿಸಿದರು. ಚೀಟಿ ಬರೆಯುತ್ತ ನಿಂತವರು, ಅದು ಮುಗಿದದ್ದೇ ಗಾಡಿ ಹತ್ತಿ ಮುಂದಿನ ಊರಿಗೆ ಹೊರಟೇಬಿಟ್ಟರು. ಪಾಪ ಆಯಮ್ಮ ತರಕಾರಿ ಚೀಲ ಹಿಡಿದುಕೊಂಡು ಬೇವಿನ ಮರದ ಕೆಳಗೇ ಉಳಿದರು. ನಾನು ಗಾಬರಿಯಿಂದ ಹೊರಗೆ ಬಂದರೆ ಆಯಮ್ಮ ಆಗಲೇ ಅಡುಗೆಯವರ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಇವ್ರು ಮನೇಲೂ ಹಿಂಗೇ ಕಣಮ್ಮ," ಅಂದರು ಆರಾಮಾಗಿ. "ಮೊಮ್ಮಗ ಉಣ್ತಾ ಇದ್ರೆ ಎದ್ರಿಗೆ ನಿಂತ್ಕಂಡು ಚೀಟಿ ಬರೀತಾರೆ. ನೆಪ್ಪಾದಾಗ ಬತ್ತಾರೆ ಬುಡು."

ನೆನಪಾಗಿ ಅವರು ಬಂದದ್ದು ಎರಡು ಗಂಟೆ ಆದ ಮೇಲೆ.

ಇಷ್ಟೆಲ್ಲ ನಗುತ್ತ ಹೇಳಬಹುದು. ಇನ್ನು ಮುಂದಿನದನ್ನು ಹೇಳಲು ನನಗೆ ಕಷ್ಟ.

ನನ್ನದು ಇಬ್ಬರೇ ಟೀಚರುಗಳ ಸಣ್ಣ ಶಾಲೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಬಿಡಿಬಿಡಿಯಾಗಿ ಗೊತ್ತು, ಕೂಡಿಸು ಅಂದರೆ ತಲೆ ತಗ್ಗಿಸಿ ಫ್ರಾಕಿನ ಅಂಚು ತಿರುಚುತ್ತಿದ್ದಳು. ಆ ವರ್ಷ ಮಕ್ಕಳ ಓದುವ ಮಟ್ಟ ಪರೀಕ್ಷಿಸಲು ಮೇಲಿನ ಸಾಹೇಬರು ಬರುತ್ತಾರೆ ಅಂತ ಹಿಂದಿನ ದಿನವೇ ನಮಗೆ ಸುದ್ದಿ ಬಂತು. ಇಂಥ ದಿನಗಳಲ್ಲಿ ಏನು ಮಾಡಬೇಕು ಅನ್ನುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ, ಆದರೆ ನಮಗೆಲ್ಲ ಗೊತ್ತು. ಓದುವವರನ್ನು ಮುಂದೆ ಕೂರಿಸುವುದು. ಓದದವರನ್ನು...

ಸಂಜೆ ಬೆಲ್ಲು ಹೊಡೆದ ಮೇಲೆ ಅವಳನ್ನು ಕರೆದು, "ಪುಟ್ಟಾ, ನಾಳೆ ನೀನು ಬರೋದು ಬೇಡ, ಮನೇಲಿರು" ಅಂದೆ.

"ಯಾಕ್ ಮಿಸ್?"

"ಸಾಹೇಬ್ರು ಬರ್ತಾರೆ."

ಅವಳು ಸರಿಯಾದ ಮಾತೇ ಅನ್ನುವಂತೆ ತಲೆಯಾಡಿಸಿ ಹೋದಳು. ಎಲ್ಲರೆದುರು ಅವಳಿಗೆ ಅವಮಾನ ಆಗಬಾರದಲ್ಲ, ಅದಕ್ಕೇ ಹೀಗೆ ಮಾಡಿದೆ ಅಂತ ಆವತ್ತು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವಮಾನ ಆಗುತ್ತಿದ್ದದ್ದು ನನಗೆ.

ಮರುದಿನ ಬಂದದ್ದು ಪಂಚನಾಮೆ ಸಾರ್ ಒಬ್ಬರೇ. ಎಂದಿನಂತೆ ಗೋಡೆಗೆ ಒರಗಿದರು. ಚಾಪೆಯ ಮೇಲೆ ನಾಲ್ಕನೇ ತರಗತಿಯ ಮಕ್ಕಳು ಅವಳ ಜಾಗವನ್ನು ಹಾಗೇ ಖಾಲಿ ಬಿಟ್ಟು ಕೂತಿದ್ದರು. ದಿನಾ ಕೂರುವ ರೂಢಿ, ನಾನು ಗಮನಿಸಿರಲೇ ಇಲ್ಲ. ಅವರು ಪಕ್ಕದ ಹುಡುಗಿಯನ್ನು ಕೇಳಿದರು: "ಇಲ್ಯಾರವ್ವ ಕುಂತ್ಕಳೋದು?"

ಅವಳು ಎದ್ದು ನಿಂತು, ಪಾಠ ಒಪ್ಪಿಸಿದಷ್ಟೇ ಸ್ಪಷ್ಟವಾಗಿ ಹೇಳಿದಳು: "ಸಾ, ಅವ್ಳು ಇವತ್ತು ಬರಂಗಿಲ್ಲ ಸಾ. ನೀವ್ ಬತ್ತೀರ ಅಂತ ಮಿಸ್ ಬ್ಯಾಡ ಅಂದವ್ರೆ."

ಅವರು ನನ್ನ ಕಡೆ ತಿರುಗಲಿಲ್ಲ. ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿದರು, ಬರೆಯಲು ಶುರು ಮಾಡಿದರು. ನಾನು ಪಾಠ ಮಾಡಿದೆ. ಏನು ಮಾಡಿದೆನೋ ಗೊತ್ತಿಲ್ಲ, ಆದರೆ ಮಕ್ಕಳು ಓದಿದರು, ಹಾಡಿದರು, ನಕ್ಕರು. ಕೊನೆಗೆ ಚೀಟಿ ಕೊಟ್ಟರು.

'೧೦.೪೦ ಇಲ್ಲ. ೧೦.೪೫ ಇಲ್ಲ. ೧೦.೫೦ ಪಕ್ಕದವಳು ತನ್ನ ಪುಸ್ತಕ ಆ ಜಾಗದಲ್ಲಿಟ್ಟಳು. ನೆನಪಾಗಿ ತೆಗೆದಳು. ೧೦.೫೫ ಇಲ್ಲ. ೧೧.೦೦ ಪಾಠ ಚೆನ್ನಾಗಿತ್ತು. ಇವಳಿಗೆ ಗೊತ್ತಾಗಲಿಲ್ಲ.'

ಅವರು ಯಾರ ಪಾಠವನ್ನಾದರೂ ಚೆನ್ನಾಗಿತ್ತು ಅಂತ ಬರೆದದ್ದು ನನಗೆ ತಿಳಿದಂತೆ ಅದೊಂದೇ ಸಲ. ನನಗೆ ಮೊದಲು ಬಂದದ್ದು ಸಿಟ್ಟು. ಅಂಗಳಕ್ಕೆ ಹೋಗಿ, "ಮೇಲಿನವರಿಗೆ ಬರೆದುಬಿಡಿ ಸಾರ್, ಏನಾಗುತ್ತೋ ಆಗಲಿ" ಅಂದೆ.

"ಬರುದ್ರೆ ನಿಮ್ಗೆ ನೋಟಿಸ್ ಕೊಡ್ತಾರೆ," ಅಂದರು. "ನೀವು ಉತ್ರ ಕೊಡ್ತೀರ. ಮಗು ಮನೇಲೇ ಇರ್ತದೆ. ಅದ್ರಿಂದ ಏನ್ ಬಂತಮ್ಮ?" ಇಟ್ಟಿದ್ದ ಟೀಯನ್ನು ಆವತ್ತು ಅರ್ಧವೂ ಕುಡಿಯದೆ ಹೋದರು.

ಸಂಜೆ ಅವಳ ಮನೆಗೆ ಹೋದೆ. ತಾಯಿ ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು, ಇವಳು ಪಕ್ಕದಲ್ಲಿ ಕಡ್ಡಿಯಿಂದ ಎಲೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದು ಮೆಲ್ಲಗೆ ಕೇಳಿದಳು: "ಸಾಹೇಬ್ರು ಹೊಂಟೋದ್ರಾ ಮಿಸ್?"

"ಹೋದ್ರು."

"ಹಂಗಾರೆ ನಾಳಿಕ್ ಬತ್ತೀನಿ."

ಕ್ಷಮಿಸು ಅಂತ ಕೇಳಲು ಹೋಗಿದ್ದವಳು ನಾನು. ಅಷ್ಟರಲ್ಲಿ ತಾಯಿ, "ಒಳ್ಳೇದೇ ಆಯ್ತು ಬುಡಿ ಮಿಸ್, ಇವತ್ತು ನಂಗೂ ಒಸಿ ಕೈಯಾಸ್ರೆ ಆಯ್ತು" ಅಂದರು. ಅವರ ಮಾತಿನಲ್ಲಿ ಚುಚ್ಚು ಏನೂ ಇರಲಿಲ್ಲ. ಒಂದು ಲೋಟ ಕಾಫಿ ಕುಡಿದು ಬಂದೆ.

ಮರುದಿನ ಅವಳು ಬಂದಳು. ಆದರೆ ಹೊಸದೊಂದು ಶುರುವಾಯಿತು. ಹೊರಗೆ ಯಾವ ಗಾಡಿ ಸದ್ದಾದರೂ ಅವಳು ಬ್ಯಾಗು ಎತ್ತಿಕೊಂಡು ಏಳುತ್ತಿದ್ದಳು. ಹಾಲಿನ ಗಾಡಿ, ಗ್ಯಾಸಿನ ಆಟೋ, ಮೊಟ್ಟೆಯವನ ಬೈಕು, ಯಾವುದಾದರೂ ಸರಿ. ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಹಿಂದಿನ ಬಾಗಿಲಿನಿಂದ ಅಡುಗೆ ಕೋಣೆಗೆ ಹೋಗಿ, ಅಕ್ಕಿ ಮೂಟೆಯ ಪಕ್ಕ ಕೂತುಬಿಡುವಳು. "ಅದು ಹಾಲಿನ ಗಾಡಿ ಪುಟ್ಟಾ, ಬಾ" ಅಂತ ನಾನು ದಿನಕ್ಕೆ ಮೂರು ಸಲ ಹೋಗಿ ಕರೆತರಬೇಕು. ಒಂದೇ ಒಂದು ಮಾತಿನಲ್ಲಿ ನಾನು ಕಲಿಸಿದ್ದ ಪಾಠ ಅದು. ಅಲ್ಲಿಯವರೆಗೆ ಅವಳು ತಪ್ಪಿಲ್ಲದೆ ಕಲಿತ ಪಾಠವೂ ಅದೊಂದೇ.

ಕುದೂರಿನ ಸಭೆಯಲ್ಲಿ ಅವರನ್ನು ಪಕ್ಕಕ್ಕೆ ಕರೆದು ಇದನ್ನು ಹೇಳಿ, ಏನು ಮಾಡಲಿ ಅಂತ ಕೇಳಿದೆ.

"ನಂಗೊತ್ತಿಲ್ಲ ಕಣಮ್ಮ," ಅಂದರು. ಟೀ ಲೋಟ ಹಿಡಿದು ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಹಾಕಿದರು. "ಒಂದ್ ಕೆಲ್ಸ ಮಾಡಣ. ವಾರಕ್ಕೊಂದ್ಸಲ ಬತ್ತೀನಿ. ಪಾಠ ನೋಡಕ್ಕಲ್ಲ. ಸುಮ್ಕೆ ಗಾಡಿ ಸದ್ದು ಮಾಡ್ಕಂಡು ಬಂದು ನಿಂತ್ಕಂಡು ಹೋಯ್ತೀನಿ. ಆ ಸದ್ದು ಅವ್ಳಿಗೆ ಹಳೇದಾಗ್ಲಿ."

ಹೇಳಿದಂತೆ ಬಂದರು. ಶಾಲೆಯ ಅಂಗಳದಲ್ಲಿ ಮೊಪೆಡ್ಡನ್ನು ಎರಡು ಸುತ್ತು ಬೇಕೆಂದೇ ಸದ್ದು ಮಾಡಿ ಓಡಿಸಿ, ಹಾರ್ನು ಹೊಡೆದು, ಒಳಗೆ ಬಂದು ಗೋಡೆಗೆ ಒರಗುವರು. ಊರಿನವರು ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಮೊದಲ ವಾರ ಅವಳು ಅಕ್ಕಿ ಮೂಟೆಯ ಹಿಂದೆಯೇ ಇದ್ದಳು. ಆಮೇಲಾಮೇಲೆ ಹಿಂದಿನ ಬಾಗಿಲವರೆಗೆ ಹೋಗಿ ಅಲ್ಲೇ ನಿಲ್ಲತೊಡಗಿದಳು. ಮಧ್ಯಾಹ್ನ ಊಟದ ಮೇಲೆ ನಾನು ಅವಳೊಬ್ಬಳನ್ನೇ ಕೂರಿಸಿಕೊಂಡು ಓದಿಸುತ್ತಿದ್ದೆ. ಪುಸ್ತಕ ಮುಟ್ಟಿದರೆ ಹೆದರುತ್ತಿದ್ದಳು, ಹಾಗಾಗಿ ಬಿಸ್ಕತ್ತಿನ ಪೊಟ್ಟಣ, ಬಸ್ಸಿನ ಬೋರ್ಡು, ಗೋಡೆ ಮೇಲಿನ ಜಾಹೀರಾತು, ಕಣ್ಣಿಗೆ ಬಿದ್ದದ್ದೆಲ್ಲ ನಮಗೆ ಪುಸ್ತಕವಾಯಿತು. ನನಗೆ ತಾಳ್ಮೆ ಕಡಿಮೆ, ಎಷ್ಟೋ ಸಲ ರೇಗಿದ್ದೂ ಉಂಟು. ಆದರೆ ಬಿಡಲಿಲ್ಲ.

ಮೂರು ತಿಂಗಳ ಮೇಲೆ ಒಂದು ದಿನ ಮೊಪೆಡ್ಡು ಬಂತು. ಅವಳು ಬ್ಯಾಗು ಎತ್ತಿದಳು. ಒಂದು ಗಳಿಗೆ ಹಾಗೇ ನಿಂತಿದ್ದವಳು ಬ್ಯಾಗು ಕೆಳಗಿಟ್ಟು, ಹಿಂದಿನ ಬಾಗಿಲಿಗಲ್ಲ, ಮುಂದಿನ ಬಾಗಿಲಿಗೆ ಹೋದಳು. ಗಾಡಿ ಹತ್ತಿರ ನಿಂತು ಹಿಂದಿನ ಮಡ್‌ಗಾರ್ಡಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, "ನಿ... ಧಾ... ನ" ಅಂದಳು. ಆಮೇಲೆ ತಲೆಯೆತ್ತಿ, "ಸಾ, ನಿಮ್ ಗಾಡಿ ಮ್ಯಾಲೆ ನಿಧಾನ ಅಂತ ಬರ್ದೈತೆ ಸಾ" ಅಂದಳು.

"ನನ್ ಗಾಡಿ ಮ್ಯಾಲಾ?" ಅಂತ ಅವರು ಬಗ್ಗಿ ನೋಡಿದರು. ಮಾರಿದವನು ಅಂಟಿಸಿದ್ದ ಸ್ಟಿಕ್ಕರು, ಇಷ್ಟು ವರ್ಷ ಅವರ ಕಣ್ಣಿಗೇ ಬಿದ್ದಿರಲಿಲ್ಲ. ನಕ್ಕರು. ಅವರು ಹಾಗೆ ಗಟ್ಟಿಯಾಗಿ ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ. ಆವತ್ತು ಒಳಗೆ ಬಂದು ಗೋಡೆಗೆ ಒರಗುವುದನ್ನೂ ಮರೆತು ಹೋದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಹೀಗೆ ಚಡಪಡಿಸುತ್ತಿರಲಿಲ್ಲ. ಐದನೇ ತರಗತಿಯ ನಡುವೆ ಅವಳ ಅಪ್ಪನಿಗೆ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಟಿಸಿ ತೆಗೆದುಕೊಂಡು ಹೋದರು. ಕೊಟ್ಟಿದ್ದ ಫೋನ್ ನಂಬರಿಗೆ ಈಗ ಯಾರೂ ಸಿಗುವುದಿಲ್ಲ. ಅಲ್ಲಿ ಯಾವ ಶಾಲೆಗೆ ಸೇರಿದಳೋ, ಅಲ್ಲಿನ ಮಿಸ್ಸು ಹೇಗಿದ್ದಾರೋ, ಸಾಹೇಬರು ಬರುವ ದಿನ ಅವಳು ಎಲ್ಲಿರುತ್ತಾಳೋ. ರಾಮನಗರಕ್ಕೆ ಹೋದಾಗಲೆಲ್ಲ ಸ್ಕೂಲು ಬಿಡುವ ಹೊತ್ತಿಗೆ ಮಾರ್ಕೆಟ್ಟಿನ ರಸ್ತೆಯಲ್ಲಿ ಸುಮ್ಮನೆ ನಿಂತು ಹುಡುಕುತ್ತೇನೆ.

ಅವರ ನಿವೃತ್ತಿಗೆ ವಾರವಿರುವಾಗ ನನಗೊಂದು ಆದೇಶ ಬಂತು. ಮುಂದಿನ ಎರಡು ದಿನದ ತರಬೇತಿಯನ್ನು ಅವರ ಬದಲು ನಾನು ನಡೆಸಬೇಕು. ನನ್ನ ಹೆಸರು ಕೊಟ್ಟವರು ಅವರೇ ಅಂತ ಗೊತ್ತಾಗಿ ಫೋನಿನಲ್ಲೇ ಜಗಳವಾಡಿದೆ.

"ನಾನೇ ಯಾಕೆ ಸಾರ್? ಬೇರೆ ಯಾರೂ ಸಿಗಲಿಲ್ವಾ?"

"ನೀವು ತಪ್ಪು ಮಾಡಿ ಸಿಕ್ಕಾಕಂಡಿದೀರ ಕಣಮ್ಮ. ಮಿಕ್ಕೋರು ಇನ್ನೂ ಸಿಕ್ಕಾಕಂಡಿಲ್ಲ," ಅಂದು ಇಟ್ಟುಬಿಟ್ಟರು.

ಆಮೇಲೆ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ. ನಾನು ಮಾಡಿದ್ದನ್ನು ಹೇಳದೆ ಅವರ ಜಾಗದಲ್ಲಿ ನಿಲ್ಲುವುದು ಹೇಗೆ? ಹೇಳಿದರೆ ನಲವತ್ತು ಜನ ಏನಂದಾರು? ಅದಕ್ಕೇ ಬೀಳ್ಕೊಡುಗೆಯ ದಿನವೇ ಚೀಟಿ ಓದಿ ಹಗುರಾಗಬೇಕು ಅಂತ ಹೊರಟದ್ದು. ಆದರೆ ನನ್ನ ಸರದಿ ಬರುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ದೊಡ್ಡ ಅಧಿಕಾರಿಗಳು ಬಂದು ಕೂತಿದ್ದರು. ನಾನು ಮೈಕಿನ ಮುಂದೆ ನಿಂತು, "ಸರಳ ಸಜ್ಜನಿಕೆಯ, ಸಮಯಪಾಲನೆಗೆ ಹೆಸರಾದ, ನಮ್ಮೆಲ್ಲರ ಮಾರ್ಗದರ್ಶಕರು" ಅಂದೆ. ಜೋರು ಚಪ್ಪಾಳೆ ಬಿತ್ತು.

ಊಟವಾದ ಮೇಲೆ ಅವರು ಶಾಲನ್ನು ಕಂಕುಳಲ್ಲಿ ಅಮುಕಿಕೊಂಡು ಬಂದು, ಮಡಿಸಿದ ಕಾಗದವೊಂದನ್ನು ನನ್ನ ಕೈಗಿಟ್ಟು, ಹೆಂಡತಿಯನ್ನು ಈ ಸಲ ಮರೆಯದೆ ಹಿಂದೆ ಕೂರಿಸಿಕೊಂಡು ಹೊರಟುಹೋದರು. ನಾನು ಅದನ್ನು ಬಿಚ್ಚಿದ್ದು ಕುದೂರಿನ ಬಸ್ಸಿನಲ್ಲಿ. ಅವರದೇ ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ, ಅದರ ಹಿಂಬದಿಯಲ್ಲಿ ಬರೆದಿದ್ದರು. ವೇದಿಕೆಯ ಮೇಲೆ ಕೂತಷ್ಟು ಹೊತ್ತೂ ಅವರು ನೋಡುತ್ತಿದ್ದದ್ದು ಒಬ್ಬರನ್ನೇ.

'೧೧.೧೫ ಪರ್ಸ್ ತೆರೆದರು. ೧೧.೨೦ ಮುಚ್ಚಿದರು. ೧೧.೩೫ ತೆರೆದರು, ಕಾಗದ ಮುಟ್ಟಿದರು. ೧೧.೪೦ ಸಾಹೇಬರ ಜೀಪು ಬಂತು. ಮುಚ್ಚಿದರು. ೧೧.೫೫ ಭಾಷಣ ಚೆನ್ನಾಗಿತ್ತು.'

ಬಸ್ಸಿನ ತುಂಬ ಜನ. ನಾನು ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ.

ಮುಂದಿನ ಸೋಮವಾರ ತರಬೇತಿ. ಅದೇ ಮಾಗಡಿಯ ತರಬೇತಿ ಕೋಣೆ, ಅದೇ ಉಪ್ಪಿಟ್ಟು. ಹಿಮ್ಮಾಹಿತಿ ನಮೂನೆಗಳು ಆಗಲೇ ಅರ್ಧ ತುಂಬಿದ್ದವು. ನಾನು ಮೈಕು ಬಿಟ್ಟು ಕಪ್ಪುಹಲಗೆಯ ಪಕ್ಕದ ಗೋಡೆಗೆ ಒರಗಿದೆ. ಪರ್ಸ್ ತೆರೆದು ಹಳೆಯ ಚೀಟಿ ತೆಗೆದೆ. ಇದು ನನ್ನ ಶಾಲೆಯದು, ಸಾಹೇಬರು ಬರುತ್ತಾರೆ ಅಂತ ನಾನೇ ಮನೆಯಲ್ಲಿ ಉಳಿಸಿದ ಮಗುವಿನದು ಅಂತ ಹೇಳಿ ಓದಲು ಶುರು ಮಾಡಿದೆ. "ಹತ್ತು ನಲವತ್ತು, ಇಲ್ಲ. ಹತ್ತು ನಲವತ್ತೈದು, ಇಲ್ಲ." ಅಷ್ಟರಲ್ಲಿ ಹೊರಗೆ ಜೀಪಿನ ಸದ್ದು. ಎಲ್ಲರೂ ಮೊಬೈಲು ಒಳಗಿಟ್ಟು ನೆಟ್ಟಗೆ ಕೂತರು. ನನ್ನ ಕೈ ತಾನಾಗಿ ಚೀಟಿಯನ್ನು ಮಡಿಸಿತು. ಬ್ಯಾಗು ಕೆಳಗಿಟ್ಟ ಆ ಹುಡುಗಿ ಕಣ್ಣ ಮುಂದೆ ಬಂದಳು. ನಾನು ಚೀಟಿ ಬಿಡಿಸಿ ಕೊನೆಯ ಸಾಲಿನವರೆಗೂ ಓದಿದೆ. ಓದಿ ಮುಗಿಸುವಾಗ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

ಆಮೇಲೆ ಹಿಂದಿನ ಸಾಲಿನಲ್ಲಿ, ನೀರಿನ ಚಕ್ರದ ಪಾಠದ ಆ ಮೇಷ್ಟ್ರು ಎದ್ದು ನಿಂತರು. ಬಾಗಿಲ ಕಡೆ ಒಂದು ಸಲ ನೋಡಿ, ನನ್ನ ಕಡೆ ತಿರುಗಿದರು.

"ಮೇಡಂ," ಅಂದರು, "ನಮ್ ಸ್ಕೂಲಲ್ಲಿ ಅಂಥ ಮಕ್ಳು ಇಬ್ರವ್ರೆ."